ನೆಲ ನಡುಗಿದಾಗ ನಮ್ಮ ಮನೆ, ನಮ್ಮ ಅಟ್ಟ, ನಮ್ಮ ಉಗ್ರಾಣ



ಮಳೆ ಕೈಕೊಟ್ಟರೆ ಏನು ಮಾಡಬೇಕೆಂಬುದು ಬೆಳೆಗಾರನಿಗೆ ಗೊತ್ತು. ಅಡಿಕೆಗೆ ಕೊಳೆರೋಗ ತಗಲಿದರೆ ಬೋರ್ಡೋ ದ್ರಾವಣ ಸಿಂಪಡಿಸುತ್ತಾನೆ. ಕಾಫಿ ಗಿಡಕ್ಕೆ ಕಾಂಡಕೊರಕ ಹತ್ತಿದರೆ ಗಿಡ ಕಿತ್ತು ಸುಡುತ್ತಾನೆ. ಬೆಲೆ ಇಳಿದರೆ ಮಾಲನ್ನು ಉಗ್ರಾಣದಲ್ಲಿಟ್ಟು ಕಾಯುತ್ತಾನೆ. ಆದರೆ ಇಷ್ಟಕ್ಕೂ ಆಧಾರವಾದ ನೆಲವೇ ಅಲುಗಿದರೆ ಏನು ಮಾಡಬೇಕು? ಈ ಪ್ರಶ್ನೆಯನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿಕೊಂಡಿಲ್ಲ. ಭೂಕಂಪವೆಂದರೆ ಹಿಮಾಲಯದ ಕಡೆಯದು, ಜಪಾನಿನದು, ಹೆಚ್ಚೆಂದರೆ ಗುಜರಾತಿನದು. ನಮ್ಮದು ಗಟ್ಟಿ ಬಂಡೆಯ ನಾಡು ಎಂಬ ಧೈರ್ಯದಲ್ಲಿ ತಲೆಮಾರುಗಳು ಕಳೆದಿವೆ.

ಆ ಧೈರ್ಯ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 2021 ಮತ್ತು 2022ರಲ್ಲಿ ಕಲಬುರಗಿ, ವಿಜಯಪುರ, ಚಿಕ್ಕಬಳ್ಳಾಪುರ, ಹಾಸನ, ಕೊಡಗು, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ನೆಲ ಸಣ್ಣದಾಗಿ ನಡುಗಿತು. ಅದನ್ನು ಅನುಭವಿಸಿದವರು ಸಾವಿರಾರು ಮಂದಿ. ಅವರಲ್ಲಿ ಕಾಫಿಯವರಿದ್ದಾರೆ, ಅಡಿಕೆಯವರಿದ್ದಾರೆ, ತೊಗರಿ ಬೆಳೆಯುವವರಿದ್ದಾರೆ, ರೇಷ್ಮೆ ಹುಳು ಸಾಕುವವರಿದ್ದಾರೆ. ಅವರು ಕಂಡದ್ದೇನು, ಅದರಿಂದ ನಮಗೆ ತಿಳಿಯುವುದೇನು ಎಂಬುದನ್ನು ಈ ಸಂಚಿಕೆಯಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಎರಡು ವಿಜಯಪುರ

ನಾವು ಇರುವುದು ಬೆಂಗಳೂರು ಗ್ರಾಮಾಂತರ ಜಿಲ್ಲೆ, ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ. ರೇಷ್ಮೆ ಗೂಡಿನ ಮಾರುಕಟ್ಟೆಯ ಊರು, ದ್ರಾಕ್ಷಿ ತೋಟಗಳ ಸೀಮೆ. ಈಚೆಗೆ ಕೊಳವೆ ಬಾವಿಯ ನೀರು ನಂಬಿ ಅಡಿಕೆ ಸಸಿ ನೆಟ್ಟವರೂ ಅಲ್ಲಲ್ಲಿ ಇದ್ದಾರೆ. 2014ರ ನವೆಂಬರ್ 1ರಂದು ಬಿಜಾಪುರಕ್ಕೆ ವಿಜಯಪುರವೆಂದು ಹೆಸರಾಯಿತು. ಅಲ್ಲಿಂದ ಮುಂದೆ ನಮಗೊಂದು ಫಜೀತಿ. 2021ರ ಸೆಪ್ಟೆಂಬರಿನಲ್ಲಿ, ಮತ್ತೆ 2022ರಲ್ಲಿ, “ವಿಜಯಪುರದಲ್ಲಿ ಭೂಕಂಪ” ಎಂದು ಸುದ್ದಿ ಬಂದಾಗಲೆಲ್ಲ ಘಟ್ಟದ ಮೇಲಿನ ನೆಂಟರು, ಕೆಳಗಿನ ನೆಂಟರು ಫೋನು ಮಾಡಿ ಕ್ಷೇಮ ವಿಚಾರಿಸಿದರು. ಅದು ನಮ್ಮೂರಲ್ಲ, ಐನೂರು ಕಿಲೋಮೀಟರಿನಷ್ಟು ದೂರದ ಊರು ಎಂದು ಹೇಳಿ ನಗುವುದು ನಮಗೆ ರೂಢಿಯಾಯಿತು.

ಆ ನಗು ಹೆಚ್ಚು ಕಾಲ ನಿಲ್ಲಲಿಲ್ಲ. 2021ರ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಪಕ್ಕದ ಜಿಲ್ಲೆಯಲ್ಲೇ ನೆಲ ಗುಡುಗಿತು.

ಐದು ನಿಮಿಷದ ಅಂತರದಲ್ಲಿ ಎರಡು ಸಲ

2021ರ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಸುರಿದ ಮಳೆಯನ್ನು ಇಲ್ಲಿಯ ಜನ ಮರೆತಿಲ್ಲ. ವರ್ಷಗಳಿಂದ ಒಣಗಿ ನಿಂತಿದ್ದ ಕೆರೆಗಳು ತುಂಬಿ ಕೋಡಿ ಹರಿದವು. ಆ ದಿನಗಳಲ್ಲೇ ಚಿಂತಾಮಣಿ ತಾಲ್ಲೂಕಿನ ಮಿಟ್ಟಹಳ್ಳಿಯಲ್ಲಿ ಭೂಮಿಯೊಳಗಿಂದ ದೊಡ್ಡ ಸದ್ದು ಬಂದು ಜನ ರಾತ್ರಿಯನ್ನು ಮನೆಯ ಹೊರಗೆ ಕಳೆದರು. ಡಿಸೆಂಬರ್ 22ರ ಬೆಳಗ್ಗೆ ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ಲು, ಭೋಗಪರ್ತಿ ಸುತ್ತಿನ ಹಳ್ಳಿಗಳಲ್ಲಿ 7 ಗಂಟೆ 9 ನಿಮಿಷಕ್ಕೆ ಒಮ್ಮೆ, 7 ಗಂಟೆ 14 ನಿಮಿಷಕ್ಕೆ ಮತ್ತೊಮ್ಮೆ ನೆಲ ನಡುಗಿತು. ಮೊದಲನೆಯದು ರಿಕ್ಟರ್ ಮಾಪಕದಲ್ಲಿ 2.9, ಎರಡನೆಯದು 3.0.

ಬೆಳಗಿನ ಏಳು ಗಂಟೆ ಎಂದರೆ ಹಳ್ಳಿಯಲ್ಲಿ ಎಲ್ಲರೂ ಎದ್ದಿರುವ ಹೊತ್ತು. ಡೈರಿಗೆ ಹಾಲು ಹಾಕಲು ಹೊರಟವರು, ಹುಳುವಿಗೆ ಸೊಪ್ಪು ಹಾಕುತ್ತಿದ್ದವರು, ಒಲೆಯ ಮುಂದೆ ಕೂತ ಹೆಂಗಸರು, ಶಾಲೆಗೆ ಹೊರಡುವ ಮಕ್ಕಳು. ಆ ಕಡೆಯಿಂದ ಗೂಡಿನ ಮಾರುಕಟ್ಟೆಗೆ ಬರುವವರ ಬಾಯಲ್ಲಿ ಮುಂದಿನ ಕೆಲವು ವಾರ ಇದೇ ಮಾತು. ನಾವು ಕೇಳಿದ್ದರಲ್ಲಿ ಎಲ್ಲರೂ ಹೇಳುತ್ತಿದ್ದ ಸಂಗತಿಗಳು ಕೆಲವೇ. ಮೊದಲು ಸದ್ದು, ಆಮೇಲೆ ಅದುರು. ಕಲ್ಲು ಗಣಿಯಲ್ಲಿ ಸಿಡಿಮದ್ದು ಹಾರಿಸಿದರೆಂದು ಕೆಲವರು, ಮನೆಯ ಹಿಂದೆ ಲಾರಿ ಏನಕ್ಕೋ ಗುದ್ದಿತೆಂದು ಕೆಲವರು ತಿಳಿದರು. ಗೂಡಿನಲ್ಲಿಟ್ಟಿದ್ದ ಪಾತ್ರೆಗಳು ಒಂದಕ್ಕೊಂದು ತಾಕಿ ಕುಣಿದವು. ಹೊರಗೆ ಬಂದು ಏನೆಂದು ಅಕ್ಕಪಕ್ಕದವರನ್ನು ಕೇಳಿ, ಏನೂ ಇಲ್ಲವೆಂದು ಒಳಗೆ ಹೋದವರನ್ನು ಎರಡನೆಯ ಅದುರು ಮತ್ತೆ ಹೊರಗೆ ಓಡಿಸಿತು.

ಮೊದಲನೆಯದಕ್ಕಿಂತ ಎರಡನೆಯದೇ ಹೆಚ್ಚು ಹೆದರಿಸಿತು ಎಂದವರು ಬಹಳ. ಮೊದಲ ಸಲ ಅದು ಏನೆಂದು ಗೊತ್ತಿರಲಿಲ್ಲ. ಎರಡನೆಯ ಸಲ ಗೊತ್ತಿತ್ತು, ಮೂರನೆಯದು ಯಾವಾಗ ಎಂಬುದು ಗೊತ್ತಿರಲಿಲ್ಲ. ಅಂದು ಪ್ರಾಣಹಾನಿ ಆಗಲಿಲ್ಲ. ಆದರೆ ಆ ಮೇಲೆ ಎಷ್ಟೋ ದಿನ ಬಾಗಿಲಿಗೆ ಅಗುಳಿ ಹಾಕದೆ ಮಲಗಿದೆವು ಎಂದವರ ಮಾತಿನಲ್ಲಿ ಉತ್ಪ್ರೇಕ್ಷೆ ಕಾಣಲಿಲ್ಲ.

ಸದ್ದು ಮೊದಲು ಏಕೆ?

ನೆಲದ ಆಳದಲ್ಲಿ ಬಂಡೆ ಸೀಳಿ ಜಾರಿದಾಗ ಎರಡು ಬಗೆಯ ಅಲೆಗಳು ಹೊರಡುತ್ತವೆ. ಮೊದಲನೆಯದು ಶಬ್ದದ ಹಾಗೆ ಒತ್ತಿ ಬಿಡುತ್ತ ಸಾಗುವ ಅಲೆ. ಗಟ್ಟಿ ಬಂಡೆಯಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ವೇಗ. ಎರಡನೆಯದು ನೆಲವನ್ನು ಅಕ್ಕಪಕ್ಕಕ್ಕೆ ತೂಗುವ ಅಲೆ. ಸುಮಾರು ಮೂರೂವರೆ ಕಿಲೋಮೀಟರ್ ವೇಗ. ಮನೆಗೆ ಪೆಟ್ಟು ಕೊಡುವುದು ಹೆಚ್ಚಾಗಿ ಈ ಎರಡನೆಯದೇ. ನಮ್ಮ ನಾಡಿನ ಗಟ್ಟಿ ಕಲ್ಲಿನಲ್ಲಿ ಸಣ್ಣ ಕಂಪನವೂ ಚೆನ್ನಾಗಿ ಹರಿಯುತ್ತದೆ. ಕೇಂದ್ರ ಹತ್ತಿರವಿದ್ದರೆ ಮೊದಲ ಅಲೆ ನೆಲದಿಂದ ಗಾಳಿಗೆ ದಾಟಿ ಗುಡುಗಿನಂತೆ ಕೇಳಿಸುತ್ತದೆ.

ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ ಸಿಡಿಲು ಎಷ್ಟು ದೂರವೆಂದು ಲೆಕ್ಕ ಹಾಕುವ ಕ್ರಮ ನಮ್ಮಲ್ಲಿದೆ. ಇಲ್ಲಿಯೂ ಹಾಗೆಯೇ. ಮೊದಲ ಸದ್ದಿಗೂ ದೊಡ್ಡ ಅದುರಿಗೂ ನಡುವಿನ ಸೆಕೆಂಡುಗಳನ್ನು 8ರಿಂದ ಗುಣಿಸಿದರೆ ಕೇಂದ್ರ ಸುಮಾರು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂದು ತಿಳಿಯುತ್ತದೆ. ಎರಡು ಸೆಕೆಂಡಾದರೆ ಹದಿನಾರು ಕಿಲೋಮೀಟರ್.

ಇನ್ನೊಂದು ಲೆಕ್ಕವೂ ಗೊತ್ತಿರಬೇಕು. ರಿಕ್ಟರ್ ಮಾಪಕದಲ್ಲಿ ಒಂದು ಅಂಕ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. 3.0 ಎಂಬುದು 6ರ ಅರ್ಧವಲ್ಲ. ಮಂಡಿಕಲ್ಲಿನ ಕಡೆ ನಡುಗಿದ್ದಕ್ಕೂ ಮುಂದೆ ಹೇಳಲಿರುವ ಕಿಲ್ಲಾರಿಯ ಭೂಕಂಪಕ್ಕೂ ಶಕ್ತಿಯಲ್ಲಿ ಅರವತ್ತು ಸಾವಿರ ಪಟ್ಟಿಗೂ ಹೆಚ್ಚಿನ ಅಂತರ.

ಚೆಂಬು, ಸಂಪಾಜೆ, ಕರಿಕೆ

ನಮ್ಮ ಓದುಗರಲ್ಲಿ ಅನೇಕರಿಗೆ ಈ ಭಾಗ ಸ್ವಂತ ಅನುಭವ. 2022ರ ಜೂನ್ 23ರ ನಸುಕಿನಲ್ಲಿ ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನಲ್ಲಿ 3.4 ಪ್ರಮಾಣದ ಕಂಪನವಾಗಿ ಕೊಡಗಿನಲ್ಲೂ ತಿಳಿಯಿತು. ಎರಡು ದಿನ ಬಿಟ್ಟು ಜೂನ್ 25ರ ಬೆಳಗ್ಗೆ ಕರಿಕೆಯ ಕಡೆ 2.3. ಜೂನ್ 28ರ ಬೆಳಗ್ಗೆ 7 ಗಂಟೆ 45 ನಿಮಿಷಕ್ಕೆ ಮಡಿಕೇರಿ ತಾಲ್ಲೂಕಿನ ಚೆಂಬು ಸುತ್ತ 3.0. ಇದು ಸಂಪಾಜೆ, ಅರಂತೋಡು, ಸುಳ್ಯದವರೆಗೆ ಕೇಳಿಸಿತು. ಮುಂದಿನ ಕೆಲವು ದಿನ ಇನ್ನೂ ಸಣ್ಣ ಅದುರುಗಳು ಬಂದವು. ಕೆಲವು ಮನೆಗಳ ಗೋಡೆಯಲ್ಲಿ ಬಿರುಕು ಕಾಣಿಸಿತು.

ಪ್ರಮಾಣ ಮಂಡಿಕಲ್ಲಿನಷ್ಟೇ. ಆದರೆ ಭಯದ ಬಗೆ ಬೇರೆ. ಬಯಲುಸೀಮೆಯವನಿಗೆ ತಲೆಯ ಮೇಲಿನ ಚಪ್ಪಡಿಯ ಚಿಂತೆ. ಘಟ್ಟದ ತಪ್ಪಲಿನವನಿಗೆ ಮನೆಯ ಹಿಂದಿನ ಬರೆಯ ಚಿಂತೆ. ಜೂನ್ ಕೊನೆಯೆಂದರೆ ಮಳೆ ಹಿಡಿದು ಮಣ್ಣು ನೀರುಂಡ ಕಾಲ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು, ಮಕ್ಕಂದೂರು ಕಡೆ ಗುಡ್ಡಗಳು ತೋಟ ಮನೆಗಳ ಸಮೇತ ಇಳಿದು ಬಂದದ್ದನ್ನು ಕಂಡ ಕಣ್ಣುಗಳವು. ಆ ವರ್ಷ ಜುಲೈಯಲ್ಲಿ ಕೊಡಗಿನಲ್ಲಿ ನೆಲ ಸಣ್ಣಗೆ ನಡುಗಿತ್ತು, ಒಂದು ತಿಂಗಳಲ್ಲಿ ಗುಡ್ಡ ಬಿತ್ತು ಎಂಬ ನೆನಪನ್ನು ಜನ ಜೋಡಿಸಿಕೊಂಡಿದ್ದರು. ಹಾಗಾಗಿ 2022ರಲ್ಲಿ ಪಾತ್ರೆ ಅಲುಗಿದಾಗ ಅವರು ನೋಡಿದ್ದು ಪಾತ್ರೆಯನ್ನಲ್ಲ, ಗುಡ್ಡವನ್ನು.

ಈ ಜೋಡಣೆಯ ವಿಚಾರದಲ್ಲಿ ಒಂದು ಮಾತು ಅಗತ್ಯ. 2018ರ ಕುಸಿತಗಳಿಗೆ ವಿಪರೀತ ಮಳೆ ಮತ್ತು ಇಳಿಜಾರನ್ನು ಕಡಿದು ಮಾಡಿದ ರಸ್ತೆ, ಕಟ್ಟಡಗಳೇ ಮುಖ್ಯ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಪರಿಶೀಲನೆ ಹೇಳಿತು. ಸಣ್ಣ ಕಂಪನವೊಂದೇ ಗುಡ್ಡವನ್ನು ಉರುಳಿಸಿತು ಎನ್ನಲಾಗದು. ಆದರೂ ಮನೆಯ ಹಿಂದಿನ ಬರೆಯನ್ನು ನೆಟ್ಟಗೆ ಕಡಿದು ನಿಲ್ಲಿಸಿದ್ದರೆ ಮಳೆಗೂ ಅಪಾಯ, ಕಂಪನಕ್ಕೂ ಅಪಾಯ. ಚೆಂಬುವಿನ ಜನ ಗುಡ್ಡದ ಕಡೆ ನೋಡಿದ್ದು ಸರಿಯಾದ ನೋಟವೇ.

ಗಡಿಕೇಶ್ವರದ ರಾತ್ರಿಗಳು

ಕಲಬುರಗಿ ಜಿಲ್ಲೆಯ ಚಿಂಚೋಳಿ ಕಡೆಯ ಗಡಿಕೇಶ್ವರ ಗ್ರಾಮದವರು ಕಂಡದ್ದು ಒಂದೆರಡು ದಿನದ ಮಾತಲ್ಲ. ಭೂಮಿಯೊಳಗಿನ ಸದ್ದು ಅವರಿಗೆ ಕೆಲವು ವರ್ಷಗಳಿಂದ ಪರಿಚಿತ. 2021ರ ಅಕ್ಟೋಬರಿನಲ್ಲಿ ಅದು ಮತ್ತೆ ಮತ್ತೆ ಬಂದು, 11ರ ರಾತ್ರಿ 4ರ ಪ್ರಮಾಣವನ್ನು ದಾಟಿತು. ಅಲ್ಲಿಯ ಮನೆಗಳು ಹೆಚ್ಚಾಗಿ ಕಲ್ಲಿನ ಮೇಲೆ ಕಲ್ಲು ಪೇರಿಸಿ ಮಣ್ಣಿನಲ್ಲಿ ಕಟ್ಟಿದವು. ಜನ ಅಂಗಳದಲ್ಲಿ, ಬಯಲಿನಲ್ಲಿ ರಾತ್ರಿ ಕಳೆದರು. ಎಷ್ಟೋ ಕುಟುಂಬಗಳು ಊರು ಬಿಟ್ಟು ನೆಂಟರ ಮನೆ ಸೇರಿದವು. ತೊಗರಿ ಹೊಲದಲ್ಲಿ ನಿಂತಿತ್ತು, ದನಗಳು ಕೊಟ್ಟಿಗೆಯಲ್ಲಿದ್ದವು. ಹಗಲು ಬಂದು ನೋಡಿಕೊಂಡು ಕತ್ತಲಾಗುವ ಮುನ್ನ ಹೊರಡುವ ಬಾಳು.

ಇಲ್ಲಿ ಒಂದು ಸೂಕ್ಷ್ಮವಿದೆ. ಹೊರಗಿನವರಿಗೆ ಇದು “ಸಣ್ಣ ಕಂಪನ, ಹೆದರುವಂಥದ್ದಲ್ಲ.” ಒಳಗಿರುವವನಿಗೆ ತನ್ನ ಮನೆಯ ಗೋಡೆ ಎಂಥದೆಂದು ಗೊತ್ತು. ಪ್ರಮಾಣ ಎಂಬುದು ಒಂದು ಭೂಕಂಪಕ್ಕೆ ಒಂದೇ ಅಂಕ. ಆದರೆ ತೀವ್ರತೆ ಎಂಬುದು ಮನೆಮನೆಗೂ ಬೇರೆ. ಗಡಿಕೇಶ್ವರದವರು ಹೆದರಿದ್ದು ಅಜ್ಞಾನದಿಂದಲ್ಲ. ಅವರ ನೆನಪಿನಲ್ಲಿ ಕಿಲ್ಲಾರಿ ಇತ್ತು.

ಕಿಲ್ಲಾರಿ ಕಲಿಸಿದ್ದು

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ 3 ಗಂಟೆ 56 ನಿಮಿಷ. ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ, ನಮ್ಮ ಬೀದರ, ಕಲಬುರಗಿ ಗಡಿಯಿಂದ ಬಹಳ ದೂರವಿಲ್ಲದ ಕಡೆ, 6.2 ಪ್ರಮಾಣದ ಭೂಕಂಪವಾಯಿತು. ಗಣಪತಿಯನ್ನು ನೀರಿಗೆ ಬಿಟ್ಟು, ಮೆರವಣಿಗೆ ಮುಗಿಸಿ ದಣಿದು ಬಂದ ಜನ ಗಾಢ ನಿದ್ರೆಯಲ್ಲಿದ್ದರು. ಸತ್ತವರು ಹತ್ತು ಸಾವಿರದಷ್ಟು. ಗಡಿಯೀಚೆಯ ನಮ್ಮ ಹಳ್ಳಿಗಳಲ್ಲೂ ಮನೆಗಳು ಬಿರಿದವು.

ಬದುಕಿ ಉಳಿದವರ ಅನುಭವವನ್ನು ತಜ್ಞರು ಆಗ ಶೋಧಿಸಿದಾಗ ಕಂಡ ಸತ್ಯ ಒಂದೇ. ಜನರನ್ನು ಕೊಂದದ್ದು ಭೂಮಿಯಲ್ಲ, ಮನೆ. ಮೊಳಕ್ಕೂ ಮೀರಿ ದಪ್ಪದ ಗೋಡೆಗಳು. ಉಂಡೆ ಕಲ್ಲುಗಳನ್ನು ಮಣ್ಣಿನಲ್ಲಿ ಕೂರಿಸಿ ಒಳಮೈ ಹೊರಮೈ ಎಂದು ಎರಡು ಪದರವಾಗಿ ಕಟ್ಟಿ, ನಡುವೆ ಚೂರುಕಲ್ಲು ತುಂಬಿದವು. ಮೇಲೆ ಬೇಸಗೆಯ ತಂಪಿಗೆಂದು ವರ್ಷ ವರ್ಷ ಹಾಕುತ್ತ ಬಂದ ಮಣ್ಣಿನ ಮಾಳಿಗೆಯ ಭಾರ. ನೆಲ ಅಲುಗಿದಾಗ ಗೋಡೆಯ ಎರಡು ಪದರಗಳು ಬೇರೆಯಾಗಿ ಹೊಟ್ಟೆ ಒಡೆದವು, ಮಾಳಿಗೆ ಕೂತಿತು. ಅದೇ ಊರುಗಳಲ್ಲಿ ಗೋಡೆಯ ಮೇಲೆ ಭಾರ ಹೊರಿಸದೆ ಮರದ ಕಂಬಗಳ ಮೇಲೆ ಮಾಡು ನಿಲ್ಲಿಸಿದ್ದ ಕೆಲವು ಮನೆಗಳಲ್ಲಿ ಗೋಡೆ ಉರುಳಿದರೂ ಮಾಡು ನಿಂತು ಜನ ಉಳಿದರು.

ಇನ್ನೆರಡು ಸಂಗತಿ ಮರೆಯಬಾರದು. ಆಗಿನ ಭೂಕಂಪ ವಲಯದ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿ. 2002ರ ನಕ್ಷೆಯಲ್ಲಿ ಆ ಒಂದನೆಯ ವಲಯವನ್ನೇ ತೆಗೆದುಹಾಕಿದರು. ದೇಶದಲ್ಲಿ ಪೂರಾ ನಿರ್ಭಯವಾದ ನೆಲ ಇಲ್ಲವೆಂದು ಒಪ್ಪಿದ ಹಾಗಾಯಿತು. ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆ ಆ ನಕ್ಷೆಯಲ್ಲಿ ಎರಡನೆಯ ವಲಯಕ್ಕೆ ಬಂತು, ದಕ್ಷಿಣ ಕನ್ನಡದ ಕರಾವಳಿ ಮೂರನೆಯದಕ್ಕೆ. ಎರಡನೆಯ ಸಂಗತಿ: 1992ರಲ್ಲಿ, ಅಂದರೆ ಒಂದು ವರ್ಷ ಮೊದಲು, ಕಿಲ್ಲಾರಿಯಲ್ಲಿ ತಿಂಗಳುಗಟ್ಟಲೆ ಸಣ್ಣ ಅದುರುಗಳು ಬಂದು ಜನ ಹೆದರಿದ್ದರು. ಬಳಿಕ ಸದ್ದಡಗಿತು. ಜನ ಮನೆಯೊಳಗೆ ಮರಳಿದರು.

ಹಾಗಾದರೆ ಸಣ್ಣ ಅದುರು ಬಂದ ಕಡೆಯೆಲ್ಲ ದೊಡ್ಡದು ಬರುವುದೇ? ಇಲ್ಲ. ಅಂಥ ಸರಣಿಗಳಲ್ಲಿ ಬಹುಪಾಲು ತಾವಾಗಿಯೇ ತಣ್ಣಗಾಗುತ್ತವೆ. ಇಂಥ ದಿನ, ಇಂಥ ಊರಲ್ಲಿ ಎಂದು ಮೊದಲೇ ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರಿಗೂ ಸಿದ್ಧಿಸಿಲ್ಲ. ಆಗುವುದೇ ಇಲ್ಲವೆನ್ನುವವನನ್ನೂ ನಂಬಬೇಡಿ, ನಾಳೆ ಆಗುತ್ತದೆ ಎನ್ನುವವನನ್ನೂ ನಂಬಬೇಡಿ. ಇವರಿಬ್ಬರ ನಡುವೆ ನಮಗೆ ಮಾಡಲು ಕೆಲಸವಿದೆ.

ಕಾರಣ ಯಾವುದು, ವದಂತಿ ಯಾವುದು

ಆದಿಶೇಷ ಹೆಡೆ ಬದಲಿಸಿದ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಭೂಮಿ ಒಂದು ಹೊರೆಯನ್ನು ಹೊತ್ತು ಕೂತಿದೆ, ಆಗಾಗ ಹೆಗಲು ಬದಲಿಸುತ್ತದೆ ಎಂಬ ಕಲ್ಪನೆಯಲ್ಲಿ ಅನುಭವದ ಅಂಶವಿದೆ. ನಮ್ಮ ದೇಶವನ್ನು ಹೊತ್ತ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿದು ಹಿಮಾಲಯದ ಕಡೆ ಒತ್ತುತ್ತಿದೆ. ಆ ಒತ್ತಡ ದಕ್ಷಿಣದ ಹಳೆಯ ಬಂಡೆಗಳಲ್ಲೂ ಇದೆ. ನಂದಿಬೆಟ್ಟದ ಸುತ್ತಿನ ಕಲ್ಲು ಇನ್ನೂರೈವತ್ತು ಕೋಟಿ ವರ್ಷಗಳಷ್ಟು ಹಳೆಯದು. ಹಳೆಯದಾದ್ದರಿಂದ ಗಟ್ಟಿ, ಹಳೆಯದಾದ್ದರಿಂದಲೇ ಹಳೆಯ ಬಿರುಕುಗಳೂ ಇವೆ.

ಭಾರೀ ಮಳೆಯ ಬಳಿಕ ನೀರು ಈ ಬಿರುಕುಗಳಲ್ಲಿ ಇಳಿದು ಒತ್ತಡ ಹೆಚ್ಚಿಸಿ, ಬಿಗಿಹಿಡಿದಿದ್ದ ಬಂಡೆ ಚೂರು ಜಾರುವಂತೆ ಮಾಡುತ್ತದೆಂದು ವಿಜ್ಞಾನಿಗಳು ವಿವರಿಸುತ್ತಾರೆ. 2021ರ ಅದುರುಗಳು ಮಳೆಗಾಲದ ಬೆನ್ನಿಗೇ ಬಂದದ್ದಕ್ಕೆ ಇದೇ ಸಮಾಧಾನ. ದೊಡ್ಡ ಜಲಾಶಯದ ನೀರಿನಿಂದಲೂ ಹೀಗಾಗಬಹುದು. 1967ರ ಡಿಸೆಂಬರ್ 11ರಂದು ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಬಳಿ ಆದ ಭೂಕಂಪ ಇದಕ್ಕೆ ಜಗತ್ತಿನಲ್ಲೇ ಪ್ರಸಿದ್ಧ ಉದಾಹರಣೆ. ಅಂದಿನ ನಡುಕ ಬೆಳಗಾವಿ ಕಡೆಯ ಹಿರಿಯರ ನೆನಪಿನಲ್ಲಿದೆ.

ಕೊಳವೆ ಬಾವಿ ಕೊರೆದದ್ದರಿಂದ ಭೂಕಂಪವಾಯಿತು ಎಂಬ ಮಾತು ನಮ್ಮ ಕಡೆ ಬಹಳ ಓಡಾಡಿತು. ಇಲ್ಲಿಯ ಬಾವಿಗಳು ಸಾವಿರ, ಸಾವಿರದೈನೂರು ಅಡಿ, ಅಂದರೆ ಅರ್ಧ ಕಿಲೋಮೀಟರಿನ ಒಳಗೆ. ಬಂಡೆ ಜಾರುವುದು ಸಾಮಾನ್ಯವಾಗಿ ಹಲವು ಕಿಲೋಮೀಟರ್ ಆಳದಲ್ಲಿ. ಅಂತರ್ಜಲಕ್ಕೆ ಕೊಳವೆ ಬಾವಿ ಮಾಡಿದ ಅನ್ಯಾಯ ಬೇರೆ, ಅದನ್ನು ಬೇರೆಯಾಗಿಯೇ ಮಾತಾಡೋಣ. ಇನ್ನು ಸದ್ದೆಲ್ಲ ಭೂಕಂಪವೂ ಅಲ್ಲ. 2020ರ ಮೇ 20ರ ಮಧ್ಯಾಹ್ನ ಬೆಂಗಳೂರನ್ನು ನಡುಗಿಸಿದ ಸದ್ದು ಶಬ್ದಕ್ಕಿಂತ ವೇಗವಾಗಿ ಹಾರಿದ ವಾಯುಪಡೆಯ ವಿಮಾನದ್ದೆಂದು ರಕ್ಷಣಾ ಇಲಾಖೆಯೇ ತಿಳಿಸಿತು.

ಸತ್ಯ ತಿಳಿಯಲು ದೂರ ಹೋಗಬೇಕಾಗಿಲ್ಲ. ಯಲಹಂಕದಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ. ರಾಜ್ಯದ ಕಂಪನಮಾಪಕಗಳ ಲೆಕ್ಕ ಅಲ್ಲಿ ಸೇರುತ್ತದೆ. ಗೌರಿಬಿದನೂರಿನಲ್ಲಿ 1960ರ ದಶಕದಿಂದ ಅಣುಶಕ್ತಿ ಇಲಾಖೆಯ ಕಂಪನಮಾಪಕಗಳ ಸಾಲು ಇದೆ. ಪ್ರಪಂಚದ ಇನ್ನೊಂದು ಮೂಲೆಯ ಭೂಕಂಪವನ್ನೂ, ಅಣುಬಾಂಬಿನ ಪರೀಕ್ಷೆಯನ್ನೂ ಅದು ಕೇಳಿಸಿಕೊಳ್ಳುತ್ತದೆ. ನಮ್ಮ ಸೀಮೆಯ ಬಂಡೆ ಅಷ್ಟು ನಿಶ್ಶಬ್ದವೆಂದೇ ಆ ಜಾಗವನ್ನು ಆರಿಸಿದ್ದು.

ಬೆಳೆಗಾರರ ಮನೆಯಲ್ಲಿ ನೋಡಬೇಕಾದ್ದು

ಬೆಂಕಿ ಬಿದ್ದಾಗ ಬಾವಿ ತೋಡುವುದು ಬೇಡ. ಹಣ ಹೆಚ್ಚು ಬೇಡದ ಕೆಲಸಗಳಿಂದ ಆರಂಭಿಸೋಣ.

ಮೊದಲನೆಯದು ಅಟ್ಟ. ಅಡಿಕೆ ಬೆಳೆಗಾರರ ಮನೆಯಲ್ಲಿ ಬೆಲೆ ಕಾಯುವ ಚಾಲಿ ಅಡಿಕೆ ಅಟ್ಟದ ಮೇಲಿರುವುದು ವಾಡಿಕೆ. ಒಂದೊಂದು ಮೂಟೆ 65ರಿಂದ 70 ಕಿಲೋ. ಇಪ್ಪತ್ತು ಮೂಟೆಯೆಂದರೆ ಒಂದು ಟನ್ನಿಗೂ ಮೀರಿದ ಭಾರ, ಅದರ ಕೆಳಗೆ ಮಕ್ಕಳ ಹಾಸಿಗೆ. ಕಿಲ್ಲಾರಿಯ ಮಣ್ಣಿನ ಮಾಳಿಗೆಯೂ ಹೀಗೆಯೇ ತಲೆಯ ಮೇಲಿನ ಭಾರವಾಗಿತ್ತೆಂಬುದನ್ನು ನೆನೆಯಿರಿ. ಮೂಟೆಗಳನ್ನು ನೆಲದ ಮೇಲೆ ಹಲಗೆ ಹಾಸಿ ಇಡಲು ಜಾಗವಿದ್ದರೆ ಅಲ್ಲಿಗೆ ಇಳಿಸಿ. ಇಲ್ಲದಿದ್ದರೆ ಮಲಗುವ ಜಾಗವನ್ನಾದರೂ ಬದಲಿಸಿ.

ಎರಡನೆಯದು ಉಗ್ರಾಣ. ಕಾಫಿ ಮೂಟೆಗಳನ್ನು ಸೂರಿನವರೆಗೆ ನೆಟ್ಟಗೆ ಪೇರಿಸಬೇಡಿ. ಮೆಟ್ಟಿಲಿನಂತೆ ಒಳಸರಿಸುತ್ತ ಪೇರಿಸಿ, ಗೋಡೆಗೆ ಒರಗಿಸದೆ ಸುತ್ತ ಓಡಾಡಲು ದಾರಿ ಬಿಡಿ. ಬಾಗಿಲಿನ ದಾರಿಯಲ್ಲಿ ಮೂಟೆ ಇರಕೂಡದು. ಔಷಧಿ ಡಬ್ಬಿ, ಮೈಲುತುತ್ತು, ಡೀಸೆಲ್ ಡ್ರಮ್ಮು ಇವು ಎತ್ತರದಲ್ಲಿ ಬೇಡ.

ಮೂರನೆಯದು ಲೈನ್ ಮನೆಗಳು. ಇದನ್ನು ಒತ್ತಿ ಹೇಳಬೇಕಾಗಿದೆ. ಮಾಲೀಕರ ಮನೆಗೆ ಹೊಯಿಸುವ ಕಾಂಕ್ರೀಟು ಪಟ್ಟಿಯನ್ನು ಕೆಲಸದವರ ಸಾಲು ಮನೆಗೆ ಹೊಯಿಸುವುದು ಅಪರೂಪ. ಬರೀ ಟೊಳ್ಳು ಇಟ್ಟಿಗೆಯ ತೆಳುಗೋಡೆ, ಮೇಲೆ ಸಿಮೆಂಟು ಶೀಟು, ಶೀಟು ಹಾರದಂತೆ ಕಲ್ಲು. ರಾತ್ರಿ ನೆಲ ಅದುರಿದರೆ ಮೊದಲು ಉದುರುವುದು ಆ ಕಲ್ಲು. ಕಲ್ಲನ್ನು ತೆಗೆದು ಶೀಟನ್ನು ಕೊಂಡಿ ಬೋಲ್ಟಿನಿಂದ ಬಿಗಿಸಿ. ಹೊಸದಾಗಿ ಕಟ್ಟುವಾಗ ಬಾಗಿಲು ಕಿಟಕಿಯ ಮೇಲ್ಮಟ್ಟದಲ್ಲಿ ನಾಲ್ಕೂ ಗೋಡೆಗೆ ಸುತ್ತು ಬರುವಂತೆ ಕಬ್ಬಿಣ ಹಾಕಿದ ಕಾಂಕ್ರೀಟು ಪಟ್ಟಿ ಕೊಡಿ. ಬುಟ್ಟಿಯ ಅಂಚಿಗೆ ಹೆಣೆದ ಬಳೆ ಬುಟ್ಟಿಯನ್ನು ಹಿಡಿದಂತೆ ಈ ಪಟ್ಟಿ ಮನೆಯನ್ನು ಹಿಡಿಯುತ್ತದೆ.

ನಾಲ್ಕನೆಯದು ಹಳೆಯ ಕಲ್ಲಿನ ಮನೆ. ಕಲ್ಲುಗೋಡೆ ಕಟ್ಟಿಸುವಾಗ ಅಲ್ಲಲ್ಲಿ ಗೋಡೆಯ ಎರಡು ಮೈಯನ್ನೂ ಮುಟ್ಟುವಷ್ಟು ಉದ್ದದ ಕಲ್ಲು ಕೂರಿಸಬೇಕು. ಮೂಲೆಯಲ್ಲಿ ಎರಡು ಗೋಡೆಯ ಕಲ್ಲುಗಳು ಒಂದರ ಮೇಲೊಂದು ಹಾಯಬೇಕು. ಹಂಚಿನ ಮನೆಯಾದರೆ ಪಕಾಸುಗಳನ್ನು ಗೋಡೆಯ ಮೇಲಿನ ಮರಕ್ಕೆ ಭದ್ರವಾಗಿ ಬಿಗಿಸಿ. ಕಿಟಕಿ ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟ ಬಿರುಕನ್ನು ಸುಣ್ಣ ಬಳಿದು ಮುಚ್ಚದೆ ಬಲ್ಲವರಿಗೆ ತೋರಿಸಿ.

ನಡುಗುವ ಹೊತ್ತಿನಲ್ಲಿ ಏನು ಮಾಡಬೇಕು? ಎರಡು ಹೆಜ್ಜೆಯಲ್ಲಿ ಬಯಲು ಸಿಗುವಂತಿದ್ದರೆ ಹೊರಗೆ ಹೋಗಿ, ಗೋಡೆ, ವಿದ್ಯುತ್ ತಂತಿ, ಬಾವಿಯ ದಂಡೆಯಿಂದ ದೂರ ನಿಲ್ಲಿ. ಇಲ್ಲವಾದರೆ ಗಟ್ಟಿ ಮೇಜಿನ ಕೆಳಗೆ ನುಸುಳಿ ತಲೆ ಕುತ್ತಿಗೆ ಮುಚ್ಚಿಕೊಳ್ಳಿ. ಮೆಟ್ಟಿಲಿನತ್ತ ಓಡಬೇಡಿ, ಉದುರುವ ಹಂಚಿನ ಸೂರಿನ ಕೆಳಗೆ ನಿಲ್ಲಬೇಡಿ. ನಿಂತ ಮೇಲೆ ಒಲೆ ಆರಿಸಿ, ಗ್ಯಾಸು ಮುಚ್ಚಿ. ಮಂಡಿಕಲ್ಲಿನವರ ಅನುಭವ ನೆನಪಿರಲಿ: ಐದೇ ನಿಮಿಷದಲ್ಲಿ ಎರಡನೆಯದು ಬಂತು. ಒಳಗೆ ಹೋಗಲು ಅವಸರ ಬೇಡ. ಮಲೆನಾಡಿನವರು ಬರೆಯ ಮೇಲ್ಭಾಗದಲ್ಲಿ ಹೊಸ ಬಿರುಕು ಇದೆಯೇ, ಒಸರುವ ನೀರು ಕೆಂಪಾಗಿದೆಯೇ ಎಂದು ನೋಡಬೇಕು. ಇದ್ದರೆ ಆ ರಾತ್ರಿ ಆ ಮನೆಯಲ್ಲಿ ಮಲಗಬಾರದು.

ಕಂಡದ್ದನ್ನು ಬರೆದಿಡಿ

ಭೂಕಂಪವನ್ನು ಯಂತ್ರ ಅಳೆಯುತ್ತದೆ ಸರಿ. ಆದರೆ ಯಾವ ಊರಿನಲ್ಲಿ ಎಷ್ಟು ತೀವ್ರವಾಗಿ ನಡುಗಿತು ಎಂಬುದನ್ನು ಹೇಳುವವರು ಅಲ್ಲಿದ್ದ ಜನ. ತೂಗುಹಾಕಿದ ವಸ್ತು ಮಾತ್ರ ಓಲಾಡಿತೇ? ಪಾತ್ರೆ ಸದ್ದು ಮಾಡಿತೇ? ಮಲಗಿದವರು ಎಚ್ಚರಗೊಂಡರೇ? ಗಾರೆ ಉದುರಿತೇ? ನಿಲ್ಲುವುದೇ ಕಷ್ಟವಾಯಿತೇ? ಇಂಥ ಪ್ರಶ್ನೆಗಳ ಉತ್ತರದಿಂದಲೇ ಒಂದರಿಂದ ಹನ್ನೆರಡರವರೆಗಿನ ತೀವ್ರತೆಯ ಮೆಟ್ಟಿಲುಗಳನ್ನು ಗುರುತಿಸುತ್ತಾರೆ. ಕಂಪನಮಾಪಕ ಬರುವ ಮೊದಲಿನ ಭೂಕಂಪಗಳ ಬಗ್ಗೆ ಇಂದು ಗೊತ್ತಿರುವುದರಲ್ಲಿ ಬಹಳಷ್ಟು ಆಗಿನವರು ಬರೆದಿಟ್ಟದ್ದರಿಂದ. 1900ರ ಫೆಬ್ರವರಿ 8ರಂದು ಕೊಯಮತ್ತೂರು ಕಡೆ ಆದ, ದಕ್ಷಿಣ ಭಾರತದ ಬಹುಭಾಗಕ್ಕೆ ತಿಳಿದ ಭೂಕಂಪದ ವ್ಯಾಪ್ತಿ ನಮಗೆ ಗೊತ್ತಾಗಲು ಊರೂರಿನವರ ಮಾತೇ ಮುಖ್ಯ ಆಧಾರ.

ಮಳೆಯ ಅಳತೆಯನ್ನು ದಿನವೂ ಪುಸ್ತಕದಲ್ಲಿ ಬರೆಯುವ ಅಭ್ಯಾಸ ಕಾಫಿ ತೋಟಗಳಲ್ಲಿ ತಲೆಮಾರುಗಳಿಂದ ಇದೆ. ಅದೇ ಪುಸ್ತಕದ ಅಂಚಿನಲ್ಲಿ ಇದಕ್ಕೂ ಜಾಗ ಕೊಡಿ. ದಿನ, ಗಂಟೆ, ನಿಮಿಷ, ಸದ್ದು ಯಾವ ದಿಕ್ಕಿನಿಂದ, ಎಷ್ಟು ಸೆಕೆಂಡು, ಏನು ಅಲುಗಿತು, ಏನು ಬಿತ್ತು, ಬಾವಿಯ ನೀರು ಏರಿತೇ, ಇಳಿಯಿತೇ, ಕದಡಿತೇ. ಕಂಡಷ್ಟನ್ನೇ ಬರೆಯಿರಿ, ಕೇಳಿದ್ದನ್ನು ಸೇರಿಸಬೇಡಿ. ತಾಲ್ಲೂಕು ಕಚೇರಿಯವರೋ ವಿಜ್ಞಾನಿಗಳೋ ಬಂದು ಕೇಳಿದಾಗ ಆ ಒಂದು ಪುಟ ಹತ್ತು ಜನರ ಗದ್ದಲಕ್ಕಿಂತ ಹೆಚ್ಚು ಬಾಳುತ್ತದೆ.

ಈ ಸಂಚಿಕೆ ಕೈಸೇರಿದ ದಿನ ಓದುಗರು ಬೇರೇನೂ ಮಾಡದಿದ್ದರೂ ಚಿಂತೆಯಿಲ್ಲ. ಒಂದು ಸಲ ಅಟ್ಟದ ಮೇಲೆ ಎಷ್ಟು ಮೂಟೆಗಳಿವೆ, ಅದರ ಕೆಳಗೆ ಯಾರು ಮಲಗುತ್ತಾರೆ ಎಂಬುದನ್ನು ನೋಡಿ. ಆಮೇಲೆ ಲೈನ್ ಮನೆಗಳ ಕಡೆ ನಡೆದು ಹೋಗಿ, ಶೀಟಿನ ಮೇಲಿನ ಕಲ್ಲುಗಳನ್ನು ಎಣಿಸಿ ಬನ್ನಿ.